ಜಿಂಕೆಯ ಜಾಡು ಕಲಿಯಲು ಯಾರ ಹಿಂದೆ ಹೋಗಬೇಕು?

ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಪ್ರಶ್ನೆ: ಮಗನಿಗೆ 20 ವರ್ಷ. ಶಿರಸಿ ಕಡೆಯ ನಮ್ಮೂರಲ್ಲಿ ಅವನ ಮುತ್ತಜ್ಜ ಹೆಸರಾದ ಶಿಕಾರಿಯಂತೆ. ಅದನ್ನು ಕೇಳಿದಾಗಿನಿಂದ, ಪಳಗಿದವರೊಬ್ಬರ ಹಿಂದೆ ಹೋಗಿ ಜಿಂಕೆ ಬೇಟೆ ಕಲಿಯುತ್ತೇನೆ ಅಂತ ಹಟ ಹಿಡಿದಿದ್ದಾನೆ. ಪುಣೆಯ ಆಸುಪಾಸಿನಲ್ಲಿ ಅದಕ್ಕೆ ದಾರಿ ಇದೆಯೇ?
— ಓದುಗರೊಬ್ಬರು, ಪುಣೆ

ಉತ್ತರ: ಬೇಟೆಗೆ ದಾರಿ ಇಲ್ಲಮ್ಮ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದನ್ನು ನಿಷೇಧಿಸಿದೆ. ಗುಂಡು ಹಾರಿಸುವುದಷ್ಟೇ ಅಲ್ಲ, ಉರುಳು ಒಡ್ಡುವುದು, ಬಲೆ ಹಾಕುವುದು, ಸೋವುವುದು (ಪ್ರಾಣಿಯನ್ನು ಅಟ್ಟಿ ಓಡಿಸುವುದು), ಅದಕ್ಕೆ ಪ್ರಯತ್ನಪಡುವುದು ಕೂಡ ಅದರ ಕಣ್ಣಿಗೆ ಬೇಟೆಯೇ. ಅಭಯಾರಣ್ಯದೊಳಗಾದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು. ‘ಬಾ, ಕಲಿಸುತ್ತೇನೆ’ ಎನ್ನುವವರು ಸಿಕ್ಕರೂ ಮಗನನ್ನು ಕಳಿಸಬೇಡಿ.

ಆದರೆ ಮುತ್ತಜ್ಜನ ವಿದ್ಯೆಯಲ್ಲಿ ಈಡು ಹೊಡೆಯುವುದು ಕಟ್ಟಕಡೆಯ ಮಾತು. ಅದಕ್ಕೆ ಮುಂಚಿನದೆಲ್ಲ, ಅಂದರೆ ಜಾಡು ಓದುವುದು, ಗಾಳಿ ನೋಡುವುದು, ಕೂಗು ತಿಳಿಯುವುದು, ಇವತ್ತಿಗೂ ಕಲಿಯಬಹುದು. ಭೀಮಾಶಂಕರ ಅಭಯಾರಣ್ಯದಲ್ಲಿ ದೊಡ್ಡ ಜಿಂಕೆಯಾದ ಕಡವೆ, ಪುಟ್ಟ ಜಿಂಕೆಯಾದ ಕಾಡುಕುರಿ ಎರಡೂ ಇವೆ. ಸುತ್ತಲಿನ ಹಳ್ಳಿಗಳ ಮಹಾದೇವ ಕೋಳಿ ಬುಡಕಟ್ಟಿನ ಹಿರಿಯರಿಗೆ ಆ ಕಾಡು ಅಂಗೈಗೆರೆ. ಅರಣ್ಯ ಇಲಾಖೆಯ ಕಚೇರಿಯಲ್ಲಿ ಕೇಳಿ, ಅವರು ಒಪ್ಪಿದ ಮಾರ್ಗದರ್ಶಿಯ ಜೊತೆ, ಅವರು ಬಿಟ್ಟ ದಾರಿಯಲ್ಲೇ ಹೋಗಲಿ. ದಿನದ ಕೂಲಿ ಮೊದಲೇ ಮಾತಾಡಿಕೊಳ್ಳಲಿ. ಮರಾಠಿಯಲ್ಲಿ ಕಡವೆಗೆ ಸಾಂಬರ್, ಕಾಡುಕುರಿಗೆ ಭೇಕರ್ ಅನ್ನುತ್ತಾರೆ, ಗೊತ್ತಿರಲಿ.

ಗುರು ಒಬ್ಬರೇ ಇರಲಿ, ದಾರಿಯೂ ಒಂದೇ ಇರಲಿ. ಅದೇ ಒಂದೆರಡು ಕಿಲೋಮೀಟರಿನಲ್ಲಿ ಎಂಟು ಹತ್ತು ಸಲ ನಡೆದರೆ ನಿನ್ನೆ ಇಲ್ಲದ ಅಚ್ಚು ಇವತ್ತು ಕಣ್ಣಿಗೆ ಬೀಳುತ್ತದೆ. ಪ್ರತಿಸಲ ಹೊಸ ಕಾಡಿಗೆ ಓಡುವವರಿಗೆ ಇದು ಹತ್ತುವುದೇ ಇಲ್ಲ. ಗುರು ಮುಂದೆ, ಮಗ ಮೂರು ಹೆಜ್ಜೆ ಹಿಂದೆ, ಅಚ್ಚಿನ ಪಕ್ಕದಲ್ಲಿ ನಡೆಯಬೇಕು, ಅದರ ಮೇಲಲ್ಲ. ಜಾಡು ತಪ್ಪಿದಾಗ ‘ಎಲ್ಲಿಗೆ ಹೋಯಿತು?’ ಎಂದು ಕೇಳುವ ಮೊದಲು ತಾನೇ ಊಹಿಸಿ ಹೇಳಲಿ, ಆಮೇಲೆ ಗುರು ತಿದ್ದಲಿ.

ಪ್ರಶ್ನೆ: ಬೋರಿವಲಿಯ ಸಂಜಯ ಗಾಂಧಿ ಉದ್ಯಾನದ ಕಾಲುದಾರಿಯಲ್ಲಿ ಗೊರಸಿನ ಅಚ್ಚು ಕಾಣುತ್ತೇನೆ. ಜಿಂಕೆಯದೋ, ಹಂದಿಯದೋ, ದನದ್ದೋ ತಿಳಿಯುವುದಿಲ್ಲ.
— ಓದುಗರೊಬ್ಬರು, ಠಾಣೆ

ಉತ್ತರ: ಮೊದಲು ನಿಂತ ಜಾಗ ಬದಲಿಸಿ. ಅಚ್ಚು ನಿಮಗೂ ಸೂರ್ಯನಿಗೂ ನಡುವೆ ಬರಬೇಕು. ಓರೆ ಬಿಸಿಲಿನಲ್ಲಿ ಅಂಚಿನ ನೆರಳು ಎದ್ದು ಕಾಣುತ್ತದೆ. ನಡುಮಧ್ಯಾಹ್ನ ಅದೇ ಅಚ್ಚು ಮಾಯವಾದಂತಿರುತ್ತದೆ. ಬೆಳಗ್ಗೆ ಒಂಬತ್ತರೊಳಗೆ ನೋಡಿ.

ಚುಕ್ಕೆ ಜಿಂಕೆಯ ಅಚ್ಚು ಸುಮಾರು 5 ಸೆಂಟಿಮೀಟರ್ ಉದ್ದ, ಸಪೂರ, ಮುಂದಿನ ತುದಿ ಚೂಪು. ಕಡವೆಯದು 7–8 ಸೆಂಟಿಮೀಟರ್, ಅದೇ ಆಕಾರ, ಭಾರಕ್ಕೆ ಆಳ ಹೆಚ್ಚು. ದನದ್ದು ಇನ್ನೂ ದೊಡ್ಡದು, ದುಂಡಗೆ, ತುದಿ ಮೊಂಡು. ಹೆಚ್ಚಾಗಿ ಮೋಸ ಹೋಗುವುದು ಹಂದಿಯ ಅಚ್ಚಿನಲ್ಲಿ. ಅದರ ಹಿಂಬದಿಯ ಎರಡು ಪುಟ್ಟ ಗೊರಸುಗಳು ಮೆತ್ತನೆಯ ಮಣ್ಣಿನಲ್ಲಿ ಸಾಮಾನ್ಯವಾಗಿ ಆಚೀಚೆ ಚಾಚಿ ಮೂಡುತ್ತವೆ. ಜಿಂಕೆಯವು ಅದು ಓಡಿದಾಗ ಅಥವಾ ಕೆಸರಿನಲ್ಲಿ ಹೂತಾಗ ಮಾತ್ರ ಮೂಡುತ್ತವೆ. ಓಡಿದ್ದರೆ ಗೊರಸಿನ ಎರಡು ಸೀಳುಗಳು ಅಗಲವಾಗಿ ಬಿಚ್ಚಿಕೊಂಡು, ಮಣ್ಣು ಹಿಂದಕ್ಕೆ ಸಿಡಿದಿರುತ್ತದೆ. ಅಂಥ ಕಡೆ ಸುತ್ತ ಚಿರತೆಯ ಹೆಜ್ಜೆಯನ್ನೂ ಹುಡುಕಿ.

ಒಂದೇ ಅಚ್ಚು ನೋಡಿ ತೀರ್ಮಾನಿಸಬೇಡಿ, ನಾಲ್ಕೈದಾದರೂ ಬೇಕು. ಒಂದು ಮೀಟರ್ ಕೋಲಿಗೆ ಎರಡು ರಬ್ಬರ್ ಬ್ಯಾಂಡ್ ಹಾಕಿ. ಕೋಲಿನ ತುದಿಯನ್ನು ಒಂದು ಅಚ್ಚಿಗಿಟ್ಟು, ಮುಂದಿನ ಅಚ್ಚಿನವರೆಗಿನ ದೂರವನ್ನು ಒಂದು ಬ್ಯಾಂಡಿನಿಂದ, ಅಚ್ಚಿನ ಉದ್ದವನ್ನು ಇನ್ನೊಂದರಿಂದ ಗುರುತಿಸಿ. ಜಾಡು ಕಳೆದಾಗ ಕೊನೆಯ ಅಚ್ಚಿನ ಸುತ್ತ ಆ ಕೋಲು ತಿರುಗಿಸಿದರೆ ಮುಂದಿನದು ಎಲ್ಲಿರಬೇಕೆಂದು ಗೊತ್ತಾಗುತ್ತದೆ.

ಹಿಕ್ಕೆಯೂ ಸಾಕ್ಷಿ ಹೇಳುತ್ತದೆ. ಚುಕ್ಕೆ ಜಿಂಕೆಯದು ಸಾಮಾನ್ಯವಾಗಿ ಒಂದು ತುದಿ ಮೊನಚು, ಇನ್ನೊಂದು ಗುಳಿಬಿದ್ದಂತೆ. ಮೊಲದ್ದು ಗುಂಡಗೆ, ನಾರುನಾರು. ಹೊಸದಕ್ಕೆ ತೇವದ ಹೊಳಪಿರುತ್ತದೆ, ಕಡ್ಡಿಯಿಂದ ಒತ್ತಿದರೆ ಮೆತ್ತಗೆ. ಕೈಯಿಂದ ಮುಟ್ಟುವುದು ಬೇಡ. ಉದುರಿದ ಕೊಂಬು ಸಿಕ್ಕರೆ ಅದನ್ನು ಮನೆಗೆ ತರುವುದೂ ಅಪರಾಧವೇ.

ಪ್ರಶ್ನೆ: ಕೋಟಿಗಾಂವ್‌ ಅಭಯಾರಣ್ಯದಲ್ಲಿ ನೀರಿನ ಹೊಂಡದ ಬಳಿಯ ಮಚಾನಿನಲ್ಲಿ (ಮರದ ಮೇಲಿನ ಅಟ್ಟಣೆ) ಎರಡು ಸಂಜೆ ಕೂತೆವು. ಒಂದು ಕಡವೆಯೂ ಬರಲಿಲ್ಲ. ಎಲ್ಲಿ ತಪ್ಪಿತು?
— ಓದುಗರೊಬ್ಬರು, ಮಡಗಾಂವ್

ಉತ್ತರ: ಬಹುಶಃ ಗಾಳಿ. ಬಿಸಿಲೇರಿದಂತೆ ಗಾಳಿ ಇಳಿಜಾರಿನಲ್ಲಿ ಮೇಲಕ್ಕೆ ಹತ್ತುತ್ತದೆ, ಸಂಜೆ ತಂಪಾದಾಗ ಹಳ್ಳದ ಕಡೆಗೆ ಇಳಿಯುತ್ತದೆ. ನೀರಿಗಿಂತ ಎತ್ತರದಲ್ಲಿ ಕೂತವರ ವಾಸನೆ ಸಂಜೆ ನೇರ ನೀರಿಗೇ ಮುಟ್ಟುತ್ತದೆ. ಚಿಟಿಕೆ ಟಾಲ್ಕಂ ಪೌಡರ್ ಗಾಳಿಗೆ ಬಿಟ್ಟು ಹತ್ತು ನಿಮಿಷಕ್ಕೊಮ್ಮೆ ನೋಡಿ. ಅದು ನೀರಿನ ಕಡೆ ಹೋದರೆ ಆ ಸಂಜೆ ಆಸೆ ಕಡಿಮೆ. ಅಂಥ ಜಾಗಕ್ಕೆ ಬೆಳಗಿನ ಹೊತ್ತು ಮೇಲು.

ಇನ್ನೊಂದು, ಬಟ್ಟೆ. ಜಿಂಕೆ ಜಾತಿಗೆ ಕೆಂಪು ಮಂಕಾಗಿ ಕಾಣುತ್ತದೆ, ನೀಲಿ ಚೆನ್ನಾಗಿ ಕಾಣುತ್ತದೆ. ಹಾಗಾಗಿ ಜೀನ್ಸ್ ಬೇಡ. ಹೊಳಪು ಕೊಡುವ ಸಾಬೂನುಪುಡಿಯಲ್ಲಿ ಒಗೆದದ್ದೂ ಬೇಡ. ‘ಢಾಂಕ್’ ಎಂಬ ಒಂಟಿ ದೊಡ್ಡ ಕೂಗು ಕೇಳಿದರೆ ಕಡವೆ ಬೆದರಿದೆ ಎಂದರ್ಥ. ಅದು ನಿಮ್ಮನ್ನೇ ಕಂಡಿರಬಹುದು. ಅಲುಗದೆ ಕೂತಿರಿ.

ನವೆಂಬರಿನಿಂದ ಮೇವರೆಗೆ ತರಗೆಲೆಯ ಮೇಲೆ ಕೂರಬೇಡಿ. ಗೋವಾದ ಸತ್ತರಿ ಕಡೆ ಮಂಗನ ಕಾಯಿಲೆ ಕಾಣಿಸಿಕೊಂಡಿದೆ, ಹರಡುವುದು ಉಣುಗಿನಿಂದ. ಪ್ಯಾಂಟಿನ ತುದಿ ಸಾಕ್ಸಿನೊಳಗಿರಲಿ. ಮನೆಗೆ ಬಂದೊಡನೆ ಬಿಸಿನೀರಿನಲ್ಲಿ ಮಿಂದು ಕಂಕುಳು, ತೊಡೆಸಂದು, ಕಿವಿಯ ಹಿಂದೆ ನೋಡಿಕೊಳ್ಳಿ. ಕಾಡಿನಲ್ಲಿ ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಅರಣ್ಯ ಸಿಬ್ಬಂದಿಗೆ ತಿಳಿಸಿ. ಕಾಡಿಗೆ ಹೋಗಿಬಂದ ಒಂದೆರಡು ವಾರದೊಳಗೆ ಜ್ವರ ಬಂದರೆ ವೈದ್ಯರಿಗೆ ಕಾಡಿಗೆ ಹೋದ ವಿಷಯವನ್ನು ಮೊದಲು ಹೇಳಿ.