ಸ್ಕೋಪಸ್‌ನಲ್ಲಿ ಇಲ್ಲ ಅಂದ್ರೆ ಬರೆದದ್ದೆಲ್ಲಾ ವೇಸ್ಟಾ?

ಹೆಸರು, ಗುರುತು ಸಿಗೋ ವಿವರ ಬದಲಿಸಿದೀನಿ, ಅವರ ಒಪ್ಪಿಗೆ ತಗೊಂಡೇ ಬರೀತಿದೀನಿ.

ಲತಾ ಅಂತಿಟ್ಕೊಳ್ಳಿ. ಹಾಸನದಲ್ಲಿ ಅತಿಥಿ ಉಪನ್ಯಾಸಕಿ, ಜೊತೆಗೆ ಪಿಎಚ್‌ಡಿ. ರಾತ್ರಿ ನಿದ್ದೆ ಇಲ್ಲ, ಎದೆ ಡವಡವ, ಇಸಿಜಿ ಥೈರಾಯ್ಡ್ ಎಲ್ಲಾ ನಾರ್ಮಲ್ ಅಂತ ಡಾಕ್ಟ್ರು ಕೌನ್ಸೆಲಿಂಗ್‌ಗೆ ನನ್ನ ಹತ್ರ ಕಳಿಸಿದ್ರು. ಮನೆ ವಿಷಯ, ಸಂಬಳದ ವಿಷಯ ಏನು ಕೇಳಿದ್ರೂ ಮಾತು ಸುತ್ತಿ ಬಂದು ನಿಲ್ತಿದ್ದದ್ದು ಸ್ಕೋಪಸ್ ಹತ್ರಾನೇ. ಸ್ಕೋಪಸ್ ಅಂದ್ರೆ ಸಂಶೋಧನಾ ಪತ್ರಿಕೆಗಳನ್ನ ಆರಿಸಿ ಅವುಗಳ ಲೇಖನಗಳನ್ನ ಪಟ್ಟಿ ಮಾಡೋ ದೊಡ್ಡ ಡೇಟಾಬೇಸ್, ಆ ಪಟ್ಟಿಗೆ ಸೇರೋದನ್ನೇ ಇಂಡೆಕ್ಸ್ ಆಗೋದು ಅಂತಾರೆ.

ಸಕಲೇಶಪುರದ ಕಡೆ ತೋಟಗಳಲ್ಲಿ ಕಾಫಿ ಹಣ್ಣು ಕುಯ್ಯೋ ಹೆಂಗಸರ ಮೇಲೆ ಇವರ ಕೆಲಸ. ಲೈನ್ ಮನೆಗಳಲ್ಲಿ ಕೂತು ಮಾತಾಡ್ಸಿ, ಸಂಜೆ ತೋಟದ ಲೆಕ್ಕ ಬರೆಯೋ ರೈಟ್ರು ಹಣ್ಣು ತೂಕ ಹಾಕುವಾಗ ಚೀಲದ ಲೆಕ್ಕ ಅಂತ ಎಷ್ಟು ಮುರ್ಕೋತಾರೆ, ಅದನ್ನ ಓದು ಬರಹ ಇಲ್ಲದ ಹೆಂಗಸರು ಸೆರಗಿನ ತುದಿಗೆ ಗಂಟು ಹಾಕಿ ಹೆಂಗೆ ನೆನಪಿಟ್ಕೋತಾರೆ ಅಂತೆಲ್ಲಾ ಬರೆದು ಕನ್ನಡದ ಒಂದು ಸಂಶೋಧನಾ ಪತ್ರಿಕೇಲಿ ಪ್ರಕಟಿಸಿದ್ರು. ಪಿಎಚ್‌ಡಿ ಗೈಡು 'ಇದು ಇಂಡೆಕ್ಸ್ ಆಗಿಲ್ಲ, ಲೆಕ್ಕಕ್ಕಿಲ್ಲ' ಅಂದ್ಬಿಟ್ರು. 'ನಾನು ಬರ್ದಿದ್ದು ಕಸ ಮೇಡಂ' ಅಂತ ಅಳ್ತಿದ್ರು. ಅಷ್ಟರಲ್ಲಿ ವಾಟ್ಸಾಪಲ್ಲಿ ಒಬ್ಬ ಏಜೆಂಟ್, 'ಸ್ಕೋಪಸ್ ಗ್ಯಾರಂಟಿ, 15 ದಿನದಲ್ಲಿ ಅಕ್ಸೆಪ್ಟ್, 25,000 ರೂಪಾಯಿ' ಅಂದಿದ್ದ, ಇವರು ಓಲೆ ಗಿರವಿ ಇಡೋ ತನಕ ಹೋಗಿದ್ರು.

ನಾನು ಕೇಳಿದ್ದು ಒಂದೇ, ನಿಮ್ಮ ಲೇಖನ ಪೂರ್ತಿ ಓದಿದೋರು ಯಾರಮ್ಮ? ಸುಮಾರು ಹೊತ್ತು ಸುಮ್ಮನಿದ್ದು 'ಗೈಡ್ ಸರ್ ಪತ್ರಿಕೆ ಹೆಸರು ನೋಡಿದ್ರು ಅಷ್ಟೇ' ಅಂದ್ರು. ನನಗೆ ನಿಜಕ್ಕೂ ಸಿಟ್ಟು ಬಂತು. ವರ್ಷಗಟ್ಟಲೆ ತೋಟ ಸುತ್ತಿ ತಂದದ್ದನ್ನ ಒಂದು ಪುಟಾನೂ ತಿರುವದೆ ತೀರ್ಪು ಕೊಡೋದು ಯಾವ ನ್ಯಾಯ.

ಹೀಗೆ ಪತ್ರಿಕೆ ನೋಡಿ ಅಳೆಯೋರು ಹಿಡ್ಕೊಳ್ಳೋ ಇನ್ನೊಂದು ಅಂಕ ಇಂಪ್ಯಾಕ್ಟ್ ಫ್ಯಾಕ್ಟರ್. ಅದು ಹುಟ್ಟಿದ್ದು ಯಾವ ಪತ್ರಿಕೆ ಆರಿಸ್ಬೇಕು ಅನ್ನೋ ಕೆಲಸಕ್ಕೆ, ಸೈಟೇಶನ್ ಇಂಡೆಕ್ಸ್ ಶುರು ಮಾಡಿದ ಅಮೆರಿಕದ ಯುಜೀನ್ ಗಾರ್ಫೀಲ್ಡ್ ಕಾಲದಲ್ಲಿ, ಲೈಬ್ರರಿಗಳಿಗೂ ಅದೇ ಉಪಯೋಗ ಆಯ್ತು. ಅದು ಇಡೀ ಪತ್ರಿಕೆಯ ಲೇಖನಗಳು ಎಷ್ಟು ಸಲ ಸೈಟ್ ಆದ್ವು, ಅಂದ್ರೆ ಬೇರೆಯವರು ಎಷ್ಟು ಸಲ ಉಲ್ಲೇಖಿಸಿದ್ರು, ಅನ್ನೋದರ ಸರಾಸರಿ, ನಾಲ್ಕು ಲೇಖನ ಜಾಸ್ತಿ ಸೈಟ್ ಆದ್ರೆ ಉಳಿದವಕ್ಕೂ ಅದೇ ಮರ್ಯಾದೆ. ಪತ್ರಿಕೆಯ ಅಂಕ ನೋಡಿ ಒಬ್ಬ ಸಂಶೋಧಕರನ್ನ ಅಳೀಬೇಡಿ ಅಂತ 2012ರಲ್ಲೇ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಡೋರಾ ಘೋಷಣೆ ಶುರುವಾಯ್ತು. 2023ರಲ್ಲಿ ಹಿಂದಾವಿ ಪ್ರಕಾಶನದ ಪತ್ರಿಕೆಗಳಿಂದ ಪ್ರಕಟ ಆಗಿದ್ದ 8,000ಕ್ಕೂ ಜಾಸ್ತಿ ಲೇಖನ ನಂಬೋ ಹಾಗಿಲ್ಲ ಅಂತ ವಾಪಸ್ ಆದ್ವು, ಅದರಲ್ಲಿ ಎಷ್ಟೋ ಪತ್ರಿಕೆ ಇಂಡೆಕ್ಸ್ ಆಗಿದ್ವೇ. ನಮ್ಮಲ್ಲೂ ಯೂನಿವರ್ಸಿಟಿಗಳನ್ನ ನೋಡ್ಕೊಳ್ಳೋ ಯುಜಿಸಿ, ಒಪ್ಪಬಹುದಾದ ಪತ್ರಿಕೆಗಳು ಇವು ಅಂತ 2019ರಲ್ಲಿ ತಂದ ಕೇರ್ ಪಟ್ಟಿಯನ್ನ 2025ರಲ್ಲಿ ಕೈಬಿಡ್ತು. ಹಾಗಂತ ಇಂಡೆಕ್ಸೆಲ್ಲಾ ಮೋಸ ಅಂತಲ್ಲ, ಹುಡುಕೋದಕ್ಕೆ ಬೇಕು, ಆದ್ರೆ ಕನ್ನಡದ ಪತ್ರಿಕೆಗಳು ಅಲ್ಲಿ ಕಾಣೋದೇ ಅಪರೂಪ, ಕಾಣದೇ ಇರೋದಕ್ಕೂ ಕಳಪೆ ಅನ್ನೋದಕ್ಕೂ ಸಂಬಂಧ ಇಲ್ಲ.

ಸಲಹೆ ಏನಂದ್ರೆ, ಮೊದಲು ಆ ಏಜೆಂಟ್‌ನ ಬ್ಲಾಕ್ ಮಾಡಿ ಅಂದೆ. ಅವನು ಕಳಿಸಿದ ಲಿಂಕ್ ಇಬ್ರೂ ಕೂತು ನೋಡಿದ್ವಿ, ಪತ್ರಿಕೆ ಹೆಸರು, ಐಎಸ್ಎಸ್ಎನ್ (ಪತ್ರಿಕೆಯ ಗುರುತಿನ ನಂಬರ್) ಅಸಲಿದೇ, ವೆಬ್‌ಸೈಟ್ ಮಾತ್ರ ಬೇರೆ. ಸ್ಕೋಪಸ್‌ನ ಸ್ವಂತ ಪಟ್ಟೀಲಿ ಹುಡುಕಿ ಪ್ರಕಾಶಕರ ಹೆಸರು ಹೋಲಿಸಿದಾಗ ನಕಲಿ ಅಂತ ಗೊತ್ತಾಯ್ತು. ಆಮೇಲೆ ಯೂನಿವರ್ಸಿಟಿ ನಿಯಮ ಬಾಯಿಮಾತಲ್ಲಿ ಬೇಡ, ಬರಹದಲ್ಲಿ ತಗೊಳ್ಳಿ ಅಂದೆ, ಯಾಕಂದ್ರೆ ಯುಜಿಸಿಯ 2022ರ ನಿಯಮದಲ್ಲಿ ಥೀಸಿಸ್ ಕೊಡೋಕೆ ಮುಂಚೆ ಲೇಖನ ಪ್ರಕಟಿಸ್ಲೇಬೇಕು ಅಂತಿಲ್ಲ, ಯೂನಿವರ್ಸಿಟಿದೇ ಬೇರೆ ನಿಯಮ ಇದ್ರೆ ಅದಕ್ಕೆ ತಕ್ಕ ಹಾಗೆ ಇಂಗ್ಲಿಷ್‌ನಲ್ಲೂ ಒಂದು ಲೇಖನ ಬರೆದು ಒಳ್ಳೇ ಪತ್ರಿಕೆಗೆ ಕಳಿಸಿ, ತಿಂಗಳುಗಟ್ಟಲೆ ಕಾಯ್ಬೇಕಾಗುತ್ತೆ ಅನ್ನೋದನ್ನ ಈಗ್ಲೇ ಒಪ್ಕೊಂಡ್ಬಿಡಿ. ಗೈಡ್ ಮುಂದೆ ಮಾತೇ ಹೊರಡಲ್ಲ ಅಂದಿದ್ರು, ಅದಕ್ಕೆ ನನ್ನ ರೂಮಲ್ಲೇ ಪ್ರಾಕ್ಟೀಸ್ ಮಾಡಿಸಿದೆ, 'ಸರ್, ಇಂಡೆಕ್ಸ್ ಆಮೇಲೆ ನೋಡೋಣ, ಒಂದ್ಸಲ ಓದಿ ಎಲ್ಲಿ ವೀಕಿದೆ ಹೇಳಿ'. ಊಟ ಆದ್ಮೇಲೆ ಲ್ಯಾಪ್‌ಟಾಪ್ ಮುಟ್ಟೋದು ಬೇಡ ಅಂತಾನೂ ಮಾತಾಯ್ತು.

ಗೈಡು ಓದಿದ್ರಂತೆ, ಮಾರ್ಜಿನ್ ತುಂಬಾ ಪೆನ್ಸಿಲ್ ಗುರುತು, ಕೂಲಿ ಲೆಕ್ಕದ ಭಾಗ ಬೆಳೆಸಿ ಅಂದಿದಾರೆ. ನಿದ್ದೆ ಇನ್ನೂ ಪೂರ್ತಿ ಸರಿಹೋಗಿಲ್ಲ, ಸಿಟ್ಟಿಂಗ್ ಮುಂದುವರಿಸ್ತಿದೀವಿ.