ಕೋಣೆಗೆ ಕೂಡಿಹಾಕಿದರೆ ಚಟ ಬಿಡುತ್ತದೆಯೇ?

(ಹೆಸರು, ಕೆಲಸ, ಓಣಿ ಎಲ್ಲ ಬದಲಿಸಿದ್ದೇನೆ.)

ಹಳೇ ಹುಬ್ಬಳ್ಳಿ ಕಡೆಯ ಹುಡುಗ, ವಯಸ್ಸು 23. ಮಂಜು ಅನ್ನೋಣ. ಮೊಬೈಲ್ ಅಂಗಡಿಯಲ್ಲಿ ಕೆಲಸ. ಬೆನ್ನುನೋವಿಗೆಂದು ಯಾರೋ ಕೊಟ್ಟ ಟ್ಯಾಪೆಂಟಾಡಾಲ್ ಗುಳಿಗೆ ಚಟವಾಗಿ ವರ್ಷ ದಾಟಿತ್ತು. ಇದು ಒಪಿಯಾಯ್ಡ್, ಅಂದರೆ ಅಫೀಮಿನ ಹಾಗೆ ನೋವು ತಗ್ಗಿಸುವ, ಚಟ ಹಿಡಿಸಬಲ್ಲ ಮದ್ದುಗಳ ಗುಂಪಿನದು. ಡಾಕ್ಟರ ಚೀಟಿ ಇಲ್ಲದೆ ಮಾರುವಂತಿಲ್ಲ, ಆದರೂ ಇವನಿಗೆ ಸಿಗುತ್ತಿತ್ತು.

"ದಿನಾ ಶೇವ್ ಮಾಡ್ಕೊಂಡು, ಇಸ್ತ್ರಿ ಅಂಗಿ ಹಾಕ್ಕೊಂಡು ಹೋಗ್ತಿದ್ದರೀ. ನಮಗ ಹೆಂಗ ತಿಳೀಬೇಕು?" ಎಂದರು ಅಪ್ಪ. ಅವರ ಕಣ್ಣಲ್ಲಿದ್ದದ್ದು ಸಿನಿಮಾದ ವ್ಯಸನಿ. ಕೆದರಿದ ಕೂದಲು, ಕೆಂಪು ಕಣ್ಣು, ಕೈಯಲ್ಲಿ ಸಿರಿಂಜು. ಮಂಜುವಿನ ಅಳತೆಯೂ ಅದೇ. "ನಾ ಸೂಜಿ ಚುಚ್ಕೊಳ್ಳಂಗಿಲ್ಲಲ್ರಿ ಮೇಡಂ, ಗುಳಿಗಿ ಅಷ್ಟ." ಅಂಥ ಸಿನಿಮಾ ನೋಡಿದಾಗೆಲ್ಲ ಅವನಿಗೆ ಸಮಾಧಾನವೇ ಆಗುತ್ತಿತ್ತಂತೆ!

ಗೊತ್ತಾದ ಮೇಲೆ ಅಣ್ಣ ಮಾಡಿದ್ದೂ ಸಿನಿಮಾದ್ದೇ ಕೆಲಸ. ಕೋಣೆಗೆ ನೂಕಿ ಚಿಲಕ ಹಾಕಿದ. ಮೈನೋವು, ವಾಂತಿ, ಭೇದಿ, ನಿದ್ದೆ ಇಲ್ಲ. ಈ ಯಾತನೆ ಎರಡು-ಮೂರನೇ ದಿನ ಜೋರಾಗಿ, ಹೆಚ್ಚುಕಮ್ಮಿ ವಾರದಲ್ಲಿ ಇಳಿಯುತ್ತದೆ. ಇಳಿಯಿತು. ಅವ್ವ ಸಿದ್ಧಾರೂಢ ಮಠಕ್ಕೆ ಹೋಗಿ ಕಾಯಿ ಒಡೆಸಿ ಬಂದರು. ಪರದೆಯ ಮೇಲಾದರೆ ಇಲ್ಲಿಗೆ ಶುಭಂ.

ಕೆಲವೇ ವಾರಗಳಲ್ಲಿ ಮಂಜು ಮತ್ತೆ ತಗೊಂಡ, ಅದೂ ಹಳೇ ಲೆಕ್ಕದಲ್ಲೇ. ಬಿಟ್ಟಿದ್ದ ದಿನಗಳಲ್ಲಿ ದೇಹದ ತಾಳಿಕೆ ಇಳಿದಿತ್ತು, ಹಳೇ ಲೆಕ್ಕವೇ ಈಗ ಅತಿಯಾಯಿತು. ತುಟಿ ನೀಲಿಯಾಯಿತು, ಉಸಿರು ಸಿಗಲಿಲ್ಲ. ಗೆಳೆಯನೊಬ್ಬ ನೀರು ಎರಚಿ ಕೆನ್ನೆಗೆ ಬಾರಿಸುತ್ತಿದ್ದ. ಇನ್ನೊಬ್ಬ ಆಟೋ ತಂದ. ಆಸ್ಪತ್ರೆಯಲ್ಲಿ ನಲಾಕ್ಸೋನ್ (ಒಪಿಯಾಯ್ಡ್ ಪರಿಣಾಮ ಇಳಿಸುವ ಮದ್ದು) ಕೊಟ್ಟು ಉಳಿಸಿದರು. 'ಪಲ್ಪ್ ಫಿಕ್ಷನ್' (1994) ಎಂಬ ಇಂಗ್ಲಿಷ್ ಸಿನಿಮಾ ನೋಡಿದವರು, ಇಂಥ ಹೊತ್ತಿನಲ್ಲಿ ಎದೆಗೆ ಸೂಜಿ ಇರಿಯಬೇಕು ಅಂದುಕೊಂಡಿರುತ್ತಾರೆ. ಹಾಗಲ್ಲ. ನಲಾಕ್ಸೋನನ್ನು ಮೂಗಿಗೆ, ಮಾಂಸಖಂಡಕ್ಕೆ ಅಥವಾ ರಕ್ತನಾಳಕ್ಕೆ ಕೊಡುತ್ತಾರೆ.

ನನ್ನ ಹತ್ತಿರ ಬಂದದ್ದು ಆಮೇಲೆ. ಮನೆಯವರಿಗೆ ಹೇಳಿದ್ದು ಇಷ್ಟು. ಇನ್ನು ಕೂಡಿಹಾಕುವುದು ಬೇಡ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಲ್ಲಿ ಮನೋವೈದ್ಯರನ್ನು ಕಾಣಿ. ಮತ್ತೆ ಹಾಗೆ ಬಿದ್ದರೆ ಮಗ್ಗುಲಿಗೆ ಮಲಗಿಸಿ 108ಕ್ಕೆ ಫೋನ್ ಮಾಡಿ. ಅಂದಹಾಗೆ, ಜಾಸ್ತಿ ಕುಡಿಯುವವರನ್ನು ಹೀಗೆ ಕೂಡಿಹಾಕಿ ಒಮ್ಮೆಲೇ ಬಿಡಿಸಿದರೆ ಫಿಟ್ಸ್ ಬಂದು ಜೀವವೇ ಹೋಗಬಹುದು.

ವೈದ್ಯರು ಬುಪ್ರೆನಾರ್ಫಿನ್ ಬರೆದರು. ಒಪಿಯಾಯ್ಡ್ ಚಟದ ಚಿಕಿತ್ಸೆಗೆ ಕೊಡುವ ಇದೂ ಒಪಿಯಾಯ್ಡ್ ಗುಂಪಿನದೇ. ಅಣ್ಣ ತಕರಾರು ತೆಗೆದ. "ಒಂದ ಗುಳಿಗಿ ಬಿಡಿಸಿ ಇನ್ನೊಂದ ಕೊಡೂದೇನ್ರಿ?" ಬಿಪಿ ಗುಳಿಗೆಯ ಹಾಗೆ ಇದನ್ನೂ ಅಳತೆಯಲ್ಲಿ, ತಿಂಗಳುಗಟ್ಟಲೆ ತಗೋಬೇಕಾಗುತ್ತದೆ ಎಂದೆ. ಹಂಬಲ ಹಿಡಿತಕ್ಕೆ ಬರುತ್ತದೆ, ಹುಡುಗ ಕೆಲಸಕ್ಕೆ ಹೋಗಬಲ್ಲ. ಅಂಗಡಿ ಮಾಲೀಕರಿಗೆ ಸುದ್ದಿ ಹೋದೀತು ಎಂಬ ಅಂಜಿಕೆಯೂ ಇತ್ತು. ಚಿಕಿತ್ಸೆಯ ವಿವರ ಗುಟ್ಟಾಗಿಡಬೇಕೆಂದು 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ಹೇಳುತ್ತದೆ.

ಮಂಜುಗೆ ಒಂದು ಕೆಲಸ ಕೊಟ್ಟೆ. ಹೀರೋ ಕೋಣೆಯಿಂದ ಹೊರಬಂದ ಮೇಲಿನ ಸೋಮವಾರ ಏನಾಗುತ್ತದೆ, ಬರೆದು ತಾ ಅಂತ. ಪಗಾರದ ದಿನ, ದುರ್ಗದಬೈಲಿನಲ್ಲಿ ಸಿಗುವ ಗೆಳೆಯರು, ರಾತ್ರಿ ನಿದ್ದೆ ಬಾರದ ಹೊತ್ತು, ಎಲ್ಲ ಬರೆದು ತಂದ. ಈಗ ಪಗಾರ ಅವ್ವನ ಖಾತೆಗೆ ಹೋಗುತ್ತದೆ. ಸಂಜೆ ಮನೆಗೆ ಹೋಗುವ ದಾರಿ ಬದಲಾಗಿದೆ. ತಡೆಯಲಾಗದಿದ್ದರೆ ಮೊದಲು ಯಾರಿಗೆ ಫೋನ್ ಮಾಡಬೇಕೆಂದು ಗೊತ್ತುಮಾಡಿದ್ದೇವೆ, ಚಟ ಬಿಡಿಸುವ 14446 ಸಹಾಯವಾಣಿಯನ್ನೂ ಚೀಟಿಯಲ್ಲಿ ಬರೆದಿಟ್ಟಿದ್ದೇವೆ.

ದೀಪಾವಳಿಗೆ ಒಮ್ಮೆ ಜಾರಿದ. ಮರುದಿನ ತಾನೇ ಫೋನ್ ಮಾಡಿ ಹೇಳಿದ. ಚಿಕಿತ್ಸೆ ಮುಂದುವರಿದಿದೆ. ಮುಂದಿನ ಸಲ ಅಣ್ಣನೂ ಬರಲಿ ಎಂದಿದ್ದೇನೆ.