ಕರಿಬೇವಿನ ಎಣ್ಣೆಗೆ ಬಿಳಿಕೂದಲು ಕಪ್ಪಾಗುತ್ತದೆಯೇ?

26ಕ್ಕೇ ನರೆ ಬಂದಿದೆ, ಕರಿಬೇವು ಕಾಯಿಸಿದ ತೆಂಗಿನೆಣ್ಣೆ ಹಚ್ಚಿದರೆ ಬಣ್ಣ ಮರಳುತ್ತದೆಯೇ ಎಂದು ಮಲ್ಪೆಯಿಂದ ಕೇಳಿದ್ದೀರಿ. ಇಲ್ಲ ಮಾರಾಯ್ರೆ. ಹೊರಗೆ ಕಾಣುವ ಕೂದಲು ಸತ್ತ ಎಳೆ. ಬಣ್ಣ ತಯಾರಾಗುವುದು ಬುಡದ ಗಡ್ಡೆಯಲ್ಲಿರುವ ಮೆಲನೋಸೈಟ್ ಕೋಶಗಳೊಳಗೆ. ಅಲ್ಲಿ ಮೆಲನೋಸೋಮ್ ಎಂಬ ಪುಟ್ಟ ಚೀಲ ಮೊದಲು ಬಣ್ಣವಿಲ್ಲದೆ ಹುಟ್ಟುತ್ತದೆ. ಒಳಗೆ ಪ್ರೋಟೀನ್ ನಾರುಗಳು ಮಗ್ಗದ ಹಾಸಿನಂತೆ ಸಾಲುಗಟ್ಟುತ್ತವೆ. ಆಮೇಲೆ ತಾಮ್ರವಿರುವ ಟೈರೊಸಿನೇಸ್ ಕಿಣ್ವ ಟೈರೊಸಿನ್ ಎಂಬ ಅಮೈನೋ ಆಮ್ಲವನ್ನು ಡೋಪಾಕ್ವಿನೋನ್ ಎಂಬ ಬಣ್ಣದ ಕಚ್ಚಾವಸ್ತು ಮಾಡುತ್ತದೆ. ಅದಕ್ಕೆ ಸಿಸ್ಟೀನ್ ಎಂಬ ಇನ್ನೊಂದು ಅಮೈನೋ ಆಮ್ಲ ಸೇರಿದರೆ ಕೆಂಚು ಬಣ್ಣ. ಸೇರದಿದ್ದರೆ ಕಪ್ಪು, ನಾರಿನ ಮೇಲೆ ಪದರವಾಗಿ ಕೂರುತ್ತದೆ. ಚೀಲದೊಳಗೆ ಆಮ್ಲ ಹೆಚ್ಚಿದ್ದರೆ ಕಿಣ್ವ ಮಂಕು. ತುಂಬಿದ ಚೀಲ ಪಕ್ಕದ ಕೆರಾಟಿನ್ ಕೋಶಕ್ಕೆ ದಾಟುತ್ತದೆ. ಎಣ್ಣೆಗೆ ಇಲ್ಲೆಲ್ಲೂ ಕೆಲಸವಿಲ್ಲ, ಹೊಳಪು ಕೊಡುತ್ತದೆ ಅಷ್ಟೆ. ಬೇಗ ನರೆ ಬರಲು ಇವೂ ಕಾರಣವಿರಬಹುದು, ಹಾಗಾಗಿ ಬಿ12, ಥೈರಾಯ್ಡ್ ಪರೀಕ್ಷೆ ಮಾಡಿಸಿ. ಕೊರತೆ ಇದ್ದು ಸರಿಹೋದರೆ ಬಣ್ಣ ಮರಳಿದೆಯೇ ಎಂದು ಬುಡದಲ್ಲಿ ನೋಡಿ, ತುದಿಯಲ್ಲಲ್ಲ. ಕೂದಲು ಬೆಳೆಯುವುದು ತಿಂಗಳಿಗೆ ಸುಮಾರು 1 ಸೆಂ.ಮೀ.